ಮಲೆನಾಡಿನಲ್ಲೇ ಕೂತು ಯುಎಕ್ಸ್ ಕೆಲಸ: ಬಳಲಿ ಬೀಳದೆ ಬೆಳೆಯುವುದು ಹೇಗೆ?

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಹೀಗಿರುತ್ತದೆ: ಬೆಂಗಳೂರು ಬಿಟ್ಟು ಶಿವಮೊಗ್ಗಕ್ಕೋ ಸಾಗರಕ್ಕೋ ತೀರ್ಥಹಳ್ಳಿಯ ಮನೆಗೋ ಬಂದು ಯುಎಕ್ಸ್ ಡಿಸೈನ್ ಮಾಡುತ್ತಿದ್ದೇವೆ. ಟ್ರಾಫಿಕ್ ಇಲ್ಲ, ಬಾಡಿಗೆಯ ಚಿಂತೆ ಇಲ್ಲ. ಆದರೂ ಮೂರು ವರ್ಷ ಕಳೆಯುವಷ್ಟರಲ್ಲಿ ಸ್ಕ್ರೀನ್ ವಿನ್ಯಾಸದ ಸಾಧನವಾದ ಫಿಗ್ಮಾ ತೆರೆಯಲು ಮನಸ್ಸು ಬರುತ್ತಿಲ್ಲ, ಹೊಸದೇನನ್ನೂ ಕಲಿಯುತ್ತಿಲ್ಲ ಅನ್ನಿಸುತ್ತಿದೆ. ಏನು ಮಾಡಬೇಕು?

ಯುಎಕ್ಸ್ ಎಂದರೆ ಬಳಕೆದಾರರ ಅನುಭವ. ಒಂದು ಆ್ಯಪ್ ಅಥವಾ ವೆಬ್‌ಸೈಟನ್ನು ಜನ ತಡವರಿಸದೆ ಬಳಸುವಂತೆ ರೂಪಿಸುವುದು ಈ ಕೆಲಸ. ಹೆಚ್ಚು ಗಂಟೆ ದುಡಿದರೆ ಯಾವ ಕೆಲಸದಲ್ಲಾದರೂ ಸುಸ್ತಾಗುತ್ತದೆ. ಆದರೆ ಇಲ್ಲಿ ಜನರನ್ನು ಅದಕ್ಕಿಂತ ಬೇಗ ಹಿಂಡುವುದು ತೀರ್ಮಾನವಾಗದೆ ಸುತ್ತುವ ಕೆಲಸ. ಒಂದೇ ಸ್ಕ್ರೀನನ್ನು ಏಳು ಸಲ ತಿದ್ದುತ್ತೀರಿ, ತಿದ್ದಿಸಿದವರು ಯಾಕೆ ತಿದ್ದಿಸಿದರೋ ಗೊತ್ತಿಲ್ಲ, ಕೊನೆಗೆ ಅದು ಜನರ ಕೈಗೆ ಸೇರಿತೋ ಇಲ್ಲವೋ ಅದೂ ಗೊತ್ತಿಲ್ಲ. ಬೆಳವಣಿಗೆ ನಿಲ್ಲುವುದೂ ಇದೇ ಜಾಗದಲ್ಲಿ. ಫಲಿತಾಂಶವೇ ಕಣ್ಣಿಗೆ ಬೀಳದ ಕೆಲಸದಿಂದ ಕಲಿಯುವುದಾದರೂ ಏನನ್ನು? ಹಾಗಾಗಿ ಕೆಳಗಿನ ಹಂತಗಳಲ್ಲಿ ವಿಶ್ರಾಂತಿಯ ಉಪಾಯವನ್ನೂ ಬೆಳವಣಿಗೆಯ ಉಪಾಯವನ್ನೂ ಬೇರೆ ಬೇರೆ ಮಾಡಿಲ್ಲ.

ಮೊದಲು ಕೈಯಲ್ಲಿರಬೇಕಾದದ್ದು

ದುಬಾರಿ ವಸ್ತು ಯಾವುದೂ ಬೇಡ. ಒಂದು ಸ್ಪ್ರೆಡ್‌ಶೀಟ್ ಅಥವಾ ನೋಟ್‌ಬುಕ್, ತಂಡದವರಿಗೂ ಕಾಣುವ ಕ್ಯಾಲೆಂಡರ್, ಪ್ರತಿ ಶುಕ್ರವಾರ 30 ನಿಮಿಷ, ಮಳೆಗಾಲಕ್ಕೆ ಕರೆಂಟು ಮತ್ತು ನೆಟ್‌ವರ್ಕಿನ ಎರಡನೇ ವ್ಯವಸ್ಥೆ, ಇಷ್ಟು ಸಾಕು. ಎಲ್ಲ ಹಂತಗಳನ್ನೂ ಒಂದೇ ವಾರದಲ್ಲಿ ಶುರು ಮಾಡಬೇಡಿ. ಮೊದಲ ಮೂರು ರೂಢಿಗೆ ಬರಲು ಎರಡು ತಿಂಗಳಾದರೂ ಬೇಕು.

ಹಂತ 1: ಬಳಲಿಕೆ ಎಲ್ಲಿಂದ ಬರುತ್ತಿದೆ ಎಂದು ಹಿಡಿಯಿರಿ

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದು ಬರ್ನ್‌ಔಟನ್ನು, ಎಂದರೆ ಈ ಬಳಲಿಕೆಯನ್ನು, ಕಾಯಿಲೆ ಎನ್ನುವುದಿಲ್ಲ. ಬಹುಕಾಲ ನಿಭಾಯಿಸಲಾಗದೆ ಉಳಿದ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಎನ್ನುತ್ತದೆ, ಅದಕ್ಕೆ ಮೂರು ಲಕ್ಷಣ ಹೇಳುತ್ತದೆ: ಶಕ್ತಿಯೆಲ್ಲ ಬರಿದಾದಂತಾಗುವುದು, ಕೆಲಸದಿಂದ ಮನಸ್ಸು ದೂರ ಸರಿದು ಎಲ್ಲದರ ಮೇಲೂ ಜಿಗುಪ್ಸೆ ಹುಟ್ಟುವುದು, ನನ್ನಿಂದ ಏನೂ ಆಗುತ್ತಿಲ್ಲ ಎನ್ನಿಸುವುದು. ಮೊದಲನೆಯದು ಮಾತ್ರ ಇದ್ದರೆ ನಿದ್ದೆ, ರಜೆಯಿಂದ ಸುಧಾರಿಸಬಹುದು. ಎರಡನೆಯದೂ ಮೂರನೆಯದೂ ಜೊತೆಗಿದ್ದರೆ ರಜೆಯೊಂದರಿಂದ ಆಗುವುದಿಲ್ಲ, ಕೆಲಸದ ರೀತಿಯೇ ಬದಲಾಗಬೇಕು.

ಈ ವಿಷಯದಲ್ಲಿ ದಶಕಗಳ ಸಂಶೋಧನೆ ಮಾಡಿದ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಮೈಕೆಲ್ ಲೀಟರ್ ಆರು ಕಡೆ ನೋಡಲು ಹೇಳುತ್ತಾರೆ: ಕೆಲಸದ ಹೊರೆ, ಹಿಡಿತ, ಪ್ರತಿಫಲ, ಜೊತೆಗಾರರು, ನ್ಯಾಯ, ಮೌಲ್ಯ. ಯುಎಕ್ಸ್‌ನವರಲ್ಲಿ ಹೊರೆಯ ಮಾತೇ ಹೆಚ್ಚು ಕೇಳಿಬರುತ್ತದೆ. ಕೆದಕಿ ನೋಡಿದರೆ ಕೊರತೆ ಇರುವುದು ಹಿಡಿತದಲ್ಲಿ.

ಎರಡು ವಾರ ದಿನಕ್ಕೆ ಐದು ನಿಮಿಷ ಕೊಟ್ಟು ಮೂರು ಕಾಲಂ ತುಂಬಿ: ಇವತ್ತು ಏನು ಮಾಡಿದೆ, ಅದನ್ನು ಮಾಡಲು ತೀರ್ಮಾನಿಸಿದವರು ಯಾರು, ಮಾಡಿದ್ದು ಎಲ್ಲಿಗೆ ಹೋಯಿತು. ಎರಡು ವಾರದ ಕೊನೆಗೆ ಎರಡನೇ ಕಾಲಂನಲ್ಲಿ 'ಗೊತ್ತಿಲ್ಲ' ಹೆಚ್ಚಿದ್ದರೆ ಹಂತ 3 ನಿಮಗೆ ಎಲ್ಲಕ್ಕಿಂತ ಮುಖ್ಯ. ಮೂರನೇ ಕಾಲಂ ಖಾಲಿ ಇದ್ದರೆ ಹಂತ 4.

ಎಚ್ಚರಿಕೆ: ಎಲ್ಲ ಸುಸ್ತನ್ನೂ ಕೆಲಸದ ತಲೆಗೆ ಕಟ್ಟಬೇಡಿ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆ ಇವೂ ಹೀಗೆಯೇ ಕಾಣಿಸಿಕೊಳ್ಳುತ್ತವೆ. ಒಂದು ತಿಂಗಳಾದರೂ ಸುಸ್ತು ಇಳಿಯದಿದ್ದರೆ ವೈದ್ಯರನ್ನು ಕಂಡು ರಕ್ತ ಪರೀಕ್ಷೆ ಮಾಡಿಸಿ.

ಹಂತ 2: ದಿನಕ್ಕೊಂದು ಅಂಚು ಕಟ್ಟಿ

ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ, 35–40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಮನೆಯಿಂದ ಕೆಲಸ ಮಾಡುವವರು ಈ 55ನ್ನು ಗೊತ್ತಾಗದಂತೆ ದಾಟಿಬಿಡುತ್ತಾರೆ. ಊಟಕ್ಕೆ ಎದ್ದಾಗಲೂ ಫೋನ್ ಕೈಯಲ್ಲೇ ಇರುತ್ತದೆ.

ಕ್ಯಾಲೆಂಡರಿನಲ್ಲಿ ದಿನಕ್ಕೆ 90 ನಿಮಿಷದ ಎರಡು ಅವಧಿ ಮೀಸಲಿಡಿ, ಆ ಹೊತ್ತಿನಲ್ಲಿ ಮೀಟಿಂಗ್ ಬೇಡ, ಚಾಟ್ ಬೇಡ. ಒಂದು ಹರಿವನ್ನು, ಎಂದರೆ ಬಳಕೆದಾರ ಮೊದಲ ಸ್ಕ್ರೀನಿನಿಂದ ಕೆಲಸ ಮುಗಿಯುವ ತನಕ ಸಾಗುವ ದಾರಿಯನ್ನು ತಲೆಯಲ್ಲಿ ಹಿಡಿದುಕೊಳ್ಳಲು ಸಮಯ ಹಿಡಿಯುತ್ತದೆ. ನಡುವೆ ಒಂದು ಪಿಂಗ್ ಬಂದರೂ ಮನಸ್ಸಿನ ಒಂದು ಭಾಗ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ದಿನವಿಡೀ ಹೀಗಾದರೆ ಎಂಟು ಗಂಟೆ ಕೂತರೂ ಮುಗಿದದ್ದು ಏನೂ ಕಾಣುವುದಿಲ್ಲ, ಆಗ ರಾತ್ರಿ ಹತ್ತಕ್ಕೆ ಮತ್ತೆ ಲ್ಯಾಪ್‌ಟಾಪ್ ತೆರೆಯುತ್ತೀರಿ.

ಹೊರದೇಶದ ತಂಡವಿದ್ದರೆ ವೇಳೆಯನ್ನು ನೀವೇ ಮುಂದಾಗಿ ಸೂಚಿಸಿ. ಸ್ಯಾನ್ ಫ್ರಾನ್ಸಿಸ್ಕೊದವರಿಗೆ ಬೆಳಗ್ಗೆ 9 ಎಂದರೆ ನಮಗೆ ರಾತ್ರಿ 9:30, ಅವರ ಚಳಿಗಾಲದಲ್ಲಿ 10:30. ಅದೇ ನಮ್ಮ ಬೆಳಗ್ಗೆ 7 ಗಂಟೆಗೆ ಅವರಿಗೆ ಹಿಂದಿನ ದಿನದ ಸಂಜೆ 6:30, ಚಳಿಗಾಲದಲ್ಲಿ 5:30. ಮಲೆನಾಡಿನ ಮನೆಗಳು ಆ ಹೊತ್ತಿಗೆ ಎದ್ದೇ ಇರುತ್ತವೆ, ಬೆಳಗಿನ ಕರೆ ನಿದ್ದೆ ಕೆಡಿಸುವುದಿಲ್ಲ. ನ್ಯೂಯಾರ್ಕಿನವರಾದರೆ ನಮ್ಮ ಸಂಜೆ 6:30 ಅವರ ಬೆಳಗ್ಗೆ 9, ಚಳಿಗಾಲದಲ್ಲಿ 8. ರಾತ್ರಿಯ ಕರೆ ತಪ್ಪಿಸಲಾಗದಿದ್ದರೆ ವಾರಕ್ಕೆ ಎರಡಕ್ಕೆ ನಿಲ್ಲಿಸಿ, ಮರುದಿನ ಅಷ್ಟೇ ತಡವಾಗಿ ಶುರು ಮಾಡುವುದಾಗಿ ಕ್ಯಾಲೆಂಡರಿನಲ್ಲೇ ಬರೆದಿಡಿ. ಬಾಯಿಮಾತಿನಲ್ಲಿ ಹೇಳಿದ್ದು ಉಳಿಯುವುದಿಲ್ಲ.

ಮಳೆಗಾಲದ ಒತ್ತಡ ಬೇರೆಯದೇ ರೀತಿಯದು. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊಸನಗರ, ತೀರ್ಥಹಳ್ಳಿ, ಆಗುಂಬೆ ಕಡೆ ಮರ ಬಿದ್ದು ಲೈನ್ ಹೋದರೆ ಮೆಸ್ಕಾಂನವರು ಬಂದು ಸರಿಮಾಡುವ ತನಕ ಕಾಯಬೇಕು. ಕರೆಂಟು ಹೋಗುತ್ತದೋ ಏನೋ ಎಂಬ ಆತಂಕದಲ್ಲಿ ಪ್ರೆಸೆಂಟೇಶನ್ ಕೊಡುವುದು ದಿನಾ ಸ್ವಲ್ಪ ಸ್ವಲ್ಪವೇ ಸವೆಸುತ್ತದೆ. ಲೆಕ್ಕ ಹಾಕಿ ಸಿದ್ಧರಾಗಿ. ಲ್ಯಾಪ್‌ಟಾಪಿಗೆ 65 ವ್ಯಾಟ್, ಮಾನಿಟರಿಗೆ 30, ರೌಟರ್ ಮತ್ತು ಫೈಬರ್ ಪೆಟ್ಟಿಗೆಗೆ 20, ಒಟ್ಟು ಸುಮಾರು 115 ವ್ಯಾಟ್. 12 ವೋಲ್ಟಿನ 150 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್-ಗಂಟೆ ಇದೆ, ನಷ್ಟ ಕಳೆದು 1100ರಷ್ಟು ಕೈಗೆ ಸಿಗುತ್ತದೆ ಎಂದುಕೊಳ್ಳಿ. ಅಂದರೆ ಒಂದು ಪೂರ್ತಿ ಕೆಲಸದ ದಿನ. ಅದೇ ಇನ್ವರ್ಟರಿಗೆ ಎರಡು ಫ್ಯಾನು, ಮನೆಯ ದೀಪಗಳೆಲ್ಲ ಸೇರಿದರೆ ಅರ್ಧ ದಿನವೂ ಬರುವುದು ಕಷ್ಟ, ಆದ್ದರಿಂದ ಕೆಲಸದ ಕೋಣೆಗೆ ಬೇರೆ ಲೈನ್ ಎಳೆಸಿದರೆ ಒಳ್ಳೆಯದು. ಅದು ಆಗದಿದ್ದರೆ ರೌಟರಿಗಾದರೂ ಸಣ್ಣ ಯುಪಿಎಸ್ ಹಾಕಿ. ಕೊಳ್ಳುವ ಮೊದಲು ರೌಟರಿನ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿ. 12 ವೋಲ್ಟಿನದಕ್ಕೆ 9 ವೋಲ್ಟಿನದು ತಂದು ಪರದಾಡುವವರು ಬಹಳ. ಫೈಬರ್ ಪೆಟ್ಟಿಗೆ ಬೇರೆಯಾಗಿದ್ದರೆ ಅದಕ್ಕೂ ಬ್ಯಾಕಪ್ ಬೇಕು, ಇಲ್ಲವಾದರೆ ರೌಟರ್ ಉರಿಯುತ್ತಿದ್ದರೂ ನೆಟ್ ಇರುವುದಿಲ್ಲ. ಇನ್ನೊಂದು ಕಂಪನಿಯ ಸಿಮ್ ಕೂಡ ಇಟ್ಟುಕೊಳ್ಳಿ.

ಫಿಗ್ಮಾ ಬ್ರೌಸರಿನಲ್ಲಿ ನಡೆಯುವ ಸಾಧನ. ತೆರೆದಿಟ್ಟ ಫೈಲಿನಲ್ಲಿ ನೆಟ್ ಹೋದ ಮೇಲೂ ಸ್ವಲ್ಪ ಕೆಲಸ ಮಾಡಬಹುದು, ಆದರೆ ಹೊಸ ಫೈಲ್ ತೆರೆಯಲು ಆಗುವುದಿಲ್ಲ. ಮುಖ್ಯ ಸಭೆಯ ಹಿಂದಿನ ರಾತ್ರಿ ಸ್ಕ್ರೀನುಗಳನ್ನು ಪಿಡಿಎಫ್ ಮಾಡಿ ಸಭೆಗೆ ಬರುವ ಒಬ್ಬರಿಗೆ ಕಳಿಸಿಡಿ. ನಿಮ್ಮ ಲೈನ್ ಕಡಿದರೆ ಅವರು ತೋರಿಸುತ್ತಿರುತ್ತಾರೆ, ನೀವು ಫೋನಿನಲ್ಲಿ ಮಾತಾಡಬಹುದು.

ಮನೆಯವರ ವಿಷಯವನ್ನೂ ಹೇಳಲೇಬೇಕು. 'ಮನೆಲೇ ಇದ್ದೀಯಲ್ಲ, ಸ್ವಲ್ಪ ಸೊಸೈಟಿಗೆ ಹೋಗಿ ಬಾ' ಎಂಬ ಮಾತಿನಲ್ಲಿ ತಪ್ಪೇನಿಲ್ಲ, ನಿಮ್ಮ ಕೆಲಸದ ಹೊತ್ತು ಅವರ ಕಣ್ಣಿಗೆ ಕಂಡಿಲ್ಲ ಅಷ್ಟೇ. ಮೀಸಲಿಟ್ಟ ಎರಡು ಅವಧಿಗಳನ್ನು ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಬರೆದು ತೋರಿಸಿ. ಅಡಿಕೆ ಕೊಯ್ಲಿನ ದಿನಗಳಿಗೆ ರಜೆಯನ್ನು ಮೊದಲೇ ಹಾಕಿ. ಕೊಯ್ಲು, ಸುಲಿಯುವುದು, ಬೇಯಿಸುವುದರ ನಡುವೆ ಅರ್ಧ ಕೆಲಸ ಮಾಡುತ್ತೇನೆಂದು ಹೊರಟರೆ ಎರಡೂ ಕೆಡುತ್ತವೆ.

ಹಂತ 3: ತೀರ್ಮಾನದ ಪಟ್ಟಿ ಇಡಿ

ಇದೊಂದನ್ನೇ ಮಾಡಿ ಉಳಿದದ್ದನ್ನೆಲ್ಲ ಬಿಟ್ಟರೂ ಪ್ರಯೋಜನವಿದೆ. ಪ್ರತಿ ಪ್ರಾಜೆಕ್ಟಿಗೂ ಒಂದು ಹಾಳೆ ಮಾಡಿ, ಐದು ಕಾಲಂ ಎಳೆಯಿರಿ: ದಿನಾಂಕ, ಪ್ರಶ್ನೆ, ತೀರ್ಮಾನ, ತೀರ್ಮಾನಿಸಿದವರು, ಕಾರಣ. ಸಭೆ ಮುಗಿದ ಹತ್ತು ನಿಮಿಷದೊಳಗೆ ತುಂಬಿ, ಕೊಂಡಿಯನ್ನು ತಂಡದ ಚಾನೆಲ್ಲಿನಲ್ಲಿ ಹಾಕಿ. ಮೂರು ವಾರದ ಮೇಲೆ ಯಾರಾದರೂ 'ಈ ಬಟನ್ ಇಲ್ಲಿ ಯಾಕಿದೆ' ಎಂದರೆ ವಾದಕ್ಕಿಳಿಯದೆ ಆ ಸಾಲನ್ನು ತೋರಿಸಿ. ಕಾರಣ ಈಗಲೂ ಸರಿಯಿದ್ದರೆ ಮಾತು ಅಲ್ಲಿಗೆ ಮುಗಿಯಿತು. ಪರಿಸ್ಥಿತಿ ಬದಲಾಗಿದ್ದರೆ ಹೊಸ ಸಾಲು ಸೇರುತ್ತದೆ, ಆಗ ತಿದ್ದುವುದಕ್ಕೂ ಬೇಸರವಾಗುವುದಿಲ್ಲ.

ಜೊತೆಗೆ, ಅಭಿಪ್ರಾಯ ಕೇಳುವ ರೀತಿಯನ್ನು ಬದಲಿಸಿ. 'ಹೇಗಿದೆ ನೋಡಿ ಹೇಳಿ' ಎಂದು ಫೈಲ್ ಕಳಿಸಿದರೆ ಬಣ್ಣದಿಂದ ಹಿಡಿದು ಲೋಗೋ ತನಕ ಎಲ್ಲರೂ ಎಲ್ಲದರ ಬಗ್ಗೆಯೂ ಹೇಳುತ್ತಾರೆ, ಹೇಳಬೇಕಾದ್ದನ್ನು ಯಾರೂ ಹೇಳುವುದಿಲ್ಲ. ಹೀಗೆ ಬರೆಯಿರಿ:

'ಪಾವತಿ ಸ್ಕ್ರೀನಿನ ಎರಡು ಮಾದರಿ ಕಳಿಸಿದ್ದೇನೆ. ಒಂದರಲ್ಲಿ ಯುಪಿಐ ಮೇಲಿದೆ, ಇನ್ನೊಂದರಲ್ಲಿ ಉಳಿಸಿಟ್ಟ ಕಾರ್ಡ್ ಮೇಲಿದೆ. ಕಳೆದ ವಾರದ ಪರೀಕ್ಷೆಯಲ್ಲಿ ಐವರಲ್ಲಿ ನಾಲ್ವರು ಮೊದಲು ಯುಪಿಐ ಹುಡುಕಿದರು, ಹಾಗಾಗಿ ನನ್ನ ಸಲಹೆ ಮೊದಲನೆಯದು. ಗುರುವಾರ ಸಂಜೆ 5ರೊಳಗೆ ಆಕ್ಷೇಪ ಬಾರದಿದ್ದರೆ ಅದನ್ನೇ ಡೆವಲಪರ್‌ಗಳಿಗೆ ಒಪ್ಪಿಸುತ್ತೇನೆ. ಬಣ್ಣ, ಐಕಾನ್ ಬಗ್ಗೆ ಮುಂದಿನ ಸುತ್ತಿನಲ್ಲಿ ಮಾತಾಡೋಣ.'

ಈ ಸಂದೇಶದಲ್ಲಿ ಒಂದೇ ಪ್ರಶ್ನೆ ಇದೆ, ನಿಮ್ಮ ನಿಲುವಿದೆ, ಅದಕ್ಕೆ ಆಧಾರವಿದೆ, ಗಡುವಿದೆ, ಯಾವುದರ ಬಗ್ಗೆ ಈಗ ಮಾತು ಬೇಡ ಎಂಬುದೂ ಇದೆ. ಗಡುವಿನ ಸಾಲು ಬರೆಯಲು ಹೊಸಬರಿಗೆ ಅಳುಕು. ಮ್ಯಾನೇಜರ್ ಹತ್ತಿರ ಮೊದಲೇ ಮಾತಾಡಿ ಒಪ್ಪಿಗೆ ಪಡೆದಿಟ್ಟುಕೊಂಡರೆ ಅಳುಕು ಹೋಗುತ್ತದೆ.

ಸುತ್ತುಗಳನ್ನೂ ಎಣಿಸಿ. ಒಂದು ಹರಿವಿಗೆ ಎರಡು ಸುತ್ತು ಅಭಿಪ್ರಾಯ ಸಹಜ. ಮೂರನೆಯದು ಬಂದರೆ ತಿದ್ದಲು ಕೂರಬೇಡಿ, 20 ನಿಮಿಷದ ಕರೆ ಇಡಿ. ಮೂರನೇ ಸುತ್ತಿನ ಹೊತ್ತಿಗೆ ತೊಡಕು ಇರುವುದು ಸ್ಕ್ರೀನಿನಲ್ಲಲ್ಲ, ಇಬ್ಬರು ಸ್ಟೇಕ್‌ಹೋಲ್ಡರ್‌ಗಳ ನಡುವೆ. ಸ್ಟೇಕ್‌ಹೋಲ್ಡರ್ ಎಂದರೆ ಆ ಪ್ರಾಡಕ್ಟಿನ ಬಗ್ಗೆ ಮಾತಿನ ಹಕ್ಕಿರುವವರು: ಮಾರಾಟದವರು, ಕಾನೂನಿನವರು, ಪ್ರಾಡಕ್ಟ್ ಮ್ಯಾನೇಜರ್. ಇವರು ತಮ್ಮಲ್ಲೇ ಒಪ್ಪಿಕೊಳ್ಳದ ವಿಷಯವನ್ನು ಡಿಸೈನರ್ ಚಿತ್ರ ಬರೆದು ಬಗೆಹರಿಸಲು ಹೋಗುವುದು ಈ ವೃತ್ತಿಯಲ್ಲಿ ಅತಿ ಹೆಚ್ಚು ಶ್ರಮ ವ್ಯರ್ಥವಾಗುವ ಜಾಗ. ಅಂತಿಮ ಮಾತು ಯಾರದ್ದು ಎಂದು ಕೆಲಸ ಶುರುವಾಗುವ ಮುನ್ನವೇ ಕೇಳಿ, ಹೆಸರನ್ನು ಹಾಳೆಯ ಮೇಲ್ಭಾಗದಲ್ಲಿ ಬರೆಯಿರಿ. 'ಎಲ್ಲರೂ ಸೇರಿ' ಎಂಬ ಉತ್ತರ ಬಂದರೆ ಮತ್ತೊಮ್ಮೆ ಕೇಳಿ.

ಹಂತ 4: ತಿಂಗಳಿಗೊಮ್ಮೆ ನಿಜವಾದ ಬಳಕೆದಾರರ ಎದುರು ಕೂರಿ

ಸ್ಕ್ರೀನುಗಳನ್ನೇ ನೋಡುತ್ತಾ ವರ್ಷ ಕಳೆದರೆ ಜಿಗುಪ್ಸೆ ಬರುವುದು ಸಹಜ. ನೀವು ಮಾಡಿದ್ದನ್ನು ಒಬ್ಬರು ಕೈಯಲ್ಲಿ ಹಿಡಿದು ಬಳಸುವುದನ್ನು ಅರ್ಧ ಗಂಟೆ ನೋಡಿದರೆ ಕೆಲಸದ ಮೇಲಿನ ಆಸಕ್ತಿ ಮರಳುತ್ತದೆ, ಕಲಿಕೆಯೂ ಮರಳುತ್ತದೆ. ಯುಸಬಿಲಿಟಿ ಟೆಸ್ಟ್ ಎನ್ನುವುದು ಇದನ್ನೇ: ಒಂದು ಕೆಲಸ ಕೊಟ್ಟು, ಸಹಾಯ ಮಾಡದೆ, ಎಲ್ಲಿ ತಡವರಿಸುತ್ತಾರೆಂದು ನೋಡುವುದು. ಐದು ಜನರ ಪರೀಕ್ಷೆಯಲ್ಲೇ ಒಂದು ವಿನ್ಯಾಸದ ಹೆಚ್ಚಿನ ತೊಡಕುಗಳು ಬಯಲಾಗುತ್ತವೆ ಎಂದು ಜೇಕಬ್ ನೀಲ್ಸನ್ 2000ದಲ್ಲಿ ಬರೆದದ್ದು ಈ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಐವರೂ ಒಂದೇ ಬಗೆಯ ಬಳಕೆದಾರರಾಗಿದ್ದರೆ ಮಾತ್ರ ಅದು ಹೊಂದುತ್ತದೆ. ಬೆಳೆಗಾರರು ಮತ್ತು ಮಂಡಿಯ ಗುಮಾಸ್ತರು ಇಬ್ಬರೂ ಬಳಸುವ ಆ್ಯಪ್ ಆದರೆ ಎರಡು ಗುಂಪಿನಿಂದಲೂ ಬೇರೆ ಬೇರೆ ಜನ ಬೇಕು.

ಮಲೆನಾಡಿನಲ್ಲಿರುವುದು ಇಲ್ಲಿ ದೊಡ್ಡ ಅನುಕೂಲ. ಮಹಾನಗರದ ಕಚೇರಿಯಲ್ಲಿ ಕೂತವರು ಊಹಿಸಿಕೊಳ್ಳುವ ಬಳಕೆದಾರ ನಿಮ್ಮ ಪಕ್ಕದ ಮನೆಯಲ್ಲೇ ಇದ್ದಾರೆ. ಕಂಪನಿಯ ಕೆಲಸಕ್ಕೆ ಸಂಬಂಧವೇ ಇಲ್ಲದಿದ್ದರೂ ಅಭ್ಯಾಸಕ್ಕೆಂದು ಅಡಿಕೆ ದರ ತೋರಿಸುವ ಒಂದು ಸ್ಕ್ರೀನ್ ಮಾಡಿ ನೋಡಿ. ಅಡಿಕೆಯ ಬಗೆಗಳಾದ ರಾಶಿ, ಬೆಟ್ಟೆ, ಸರಕು, ಗೊರಬಲು, ಪ್ರತಿಯೊಂದಕ್ಕೂ ಕನಿಷ್ಠ ಮತ್ತು ಗರಿಷ್ಠ ದರ, ಕ್ವಿಂಟಾಲಿಗೆ ಇಷ್ಟು ಎಂದು. ಒಬ್ಬ ಬೆಳೆಗಾರರ ಕೈಗೆ ಕೊಟ್ಟು, 'ನಿನ್ನೆ ರಾಶಿಗೆ ಎಲ್ಲಕ್ಕಿಂತ ಹೆಚ್ಚು ಎಷ್ಟು ಸಿಕ್ಕಿದೆ ನೋಡಿ ಹೇಳ್ತೀರಾ ಅಣ್ಣ' ಎಂದು ಕೇಳಿ ಸುಮ್ಮನಾಗಿ. ಅಕ್ಷರ ದೊಡ್ಡದು ಮಾಡಿಟ್ಟ ಫೋನಿನಲ್ಲಿ ಗರಿಷ್ಠ ದರದ ಕಾಲಂ ಪರದೆಯಾಚೆ ಸರಿದಿರುತ್ತದೆ. ಪಕ್ಕಕ್ಕೆ ಜರುಗಿಸಬೇಕೆಂದು ಹೊಳೆಯದೆ, ಕಣ್ಣಿಗೆ ಬಿದ್ದ ಕನಿಷ್ಠ ದರವನ್ನೇ ಓದಿ ಹೇಳುತ್ತಾರೆ. ಪಟ್ಟಿಯನ್ನು ಅಕ್ಷರಾನುಕ್ರಮದಲ್ಲಿ ಜೋಡಿಸಿದ್ದರೆ ಗೊರಬಲು ಮೊದಲು ಬರುತ್ತದೆ, ಅವರು ಹುಡುಕುವ ರಾಶಿ ಮೂರನೆಯದಾಗಿ ಕೆಳಗೆ ಉಳಿಯುತ್ತದೆ. ಅಂಗಳದ ಬಿಸಿಲಿಗೆ ಹಿಡಿದರೆ ತಿಳಿ ಬೂದು ಬಣ್ಣದ ಅಂಕಿ ಕಾಣುವುದೇ ಇಲ್ಲ. ಒಂದು ಸಣ್ಣ ಸ್ಕ್ರೀನಿನಿಂದ ವಿನ್ಯಾಸದ ಮೂರು ಪಾಠ ಸಿಕ್ಕವು, ಮೂರೂ ಯಾವ ದೇಶದ ಪ್ರಾಡಕ್ಟಿಗಾದರೂ ಉಪಯೋಗಕ್ಕೆ ಬರುವಂಥವು.

ತಪ್ಪುವುದು ಎಲ್ಲಿ: 'ಚೆನ್ನಾಗಿದೆಯಾ' ಎಂದು ಕೇಳಿದರೆ ನಮ್ಮ ಕಡೆಯವರು ಯಾರೂ ಮುಖಕ್ಕೆ ಇಲ್ಲ ಎನ್ನುವುದಿಲ್ಲ. ಅಭಿಪ್ರಾಯ ಕೇಳಬೇಡಿ, ಕೆಲಸ ಕೊಡಿ. ತಡವರಿಸಿದಾಗ ಬೆರಳು ತೋರಿಸಿ ಸಹಾಯ ಮಾಡುವ ಆಸೆಯನ್ನು ತಡೆದುಕೊಳ್ಳಿ. ಮಂಡಿಯಲ್ಲಿ ವ್ಯಾಪಾರದ ಹೊತ್ತಿನಲ್ಲಿ, ಕೊಯ್ಲಿನ ನಡುವೆ ಹೋಗಬೇಡಿ. ಸ್ಕ್ರೀನ್ ರೆಕಾರ್ಡ್ ಮಾಡುವುದಾದರೆ ಯಾಕೆ, ಯಾರು ನೋಡುತ್ತಾರೆ ಎಂದು ಹೇಳಿ ಒಪ್ಪಿಗೆ ಪಡೆಯಿರಿ. ಆಧಾರ್, ಬ್ಯಾಂಕ್ ಖಾತೆ ಸಂಖ್ಯೆ ಕಾಣಿಸುವ ಪರದೆಯನ್ನು ದಾಖಲಿಸಬೇಡಿ. ಕಂಪನಿಯ ಇನ್ನೂ ಬಿಡುಗಡೆಯಾಗದ ಪ್ರಾಡಕ್ಟನ್ನು ಅನುಮತಿಯಿಲ್ಲದೆ ಯಾರಿಗೂ ತೋರಿಸಬೇಡಿ. ಅವರ ಅರ್ಧ ಗಂಟೆಗೆ ಬೆಲೆಯಿದೆ, ಕಂಪನಿಯ ಪರವಾಗಿ ಮಾಡಿದ ಪರೀಕ್ಷೆಯಾದರೆ ಗೌರವಧನ ಕೇಳಿ ಕೊಡಿಸಿ.

ಹಂತ 5: ವರ್ಷಕ್ಕೆ ಒಂದೇ ಕೌಶಲವನ್ನು ಆಳಕ್ಕೆ ಇಳಿಸಿ

ಸಂಶೋಧನೆ, ಬರವಣಿಗೆ, ಮೋಶನ್, ಡಿಸೈನ್ ಸಿಸ್ಟಮ್, ಡೇಟಾ, ಎಐ ಸಾಧನಗಳು, ಎಲ್ಲವನ್ನೂ ಒಟ್ಟಿಗೆ ಕಲಿಯಲು ಹೊರಟವರು ಅರ್ಧ ನೋಡಿದ ಕೋರ್ಸುಗಳ ರಾಶಿ ಹೊತ್ತು ಅಪರಾಧಿ ಭಾವದಲ್ಲಿ ಬದುಕುತ್ತಾರೆ. ಆ ಭಾವವೇ ಬಳಲಿಕೆಯ ಅರ್ಧ ಪಾಲು. ಒಂದು ವಿಷಯ ಆರಿಸಿ. ವಾರಕ್ಕೆ 3 ಗಂಟೆಯಂತೆ 12 ವಾರ ಕೊಡಿ: ಮೊದಲ 3 ವಾರ ಓದು, ಮುಂದಿನ 6 ವಾರ ಕೈಯಲ್ಲಿರುವ ಕಂಪನಿ ಕೆಲಸಕ್ಕೇ ಅದನ್ನು ಅನ್ವಯಿಸುವುದು, ಕೊನೆಯ 3 ವಾರ ಬರೆದಿಡುವುದು ಮತ್ತು ತಂಡಕ್ಕೆ ತೋರಿಸುವುದು. ಕಲಿಕೆ ಕಂಪನಿಯ ಕೆಲಸದೊಳಗೇ ನಡೆಯಬೇಕು, ಭಾನುವಾರಗಳನ್ನು ತಿನ್ನುವ ಕಲಿಕೆ ಹೆಚ್ಚು ದಿನ ಬಾಳುವುದಿಲ್ಲ.

ಯಾವುದನ್ನು ಆರಿಸಲಿ ಎನ್ನುವವರಿಗೆ ನಮ್ಮ ಸಲಹೆ ಎರಡು. ಒಂದು, ಆ್ಯಕ್ಸೆಸಿಬಿಲಿಟಿ, ಅಂದರೆ ಕಣ್ಣು, ಕೈ, ಕಿವಿಯ ತೊಂದರೆ ಇರುವವರಿಗೂ ಬಳಸಲು ಬರುವಂತೆ ಮಾಡುವುದು. ಇದಕ್ಕೆ ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ, ಅದರ 2.2 ಆವೃತ್ತಿ 2023ರ ಅಕ್ಟೋಬರಿನಲ್ಲಿ ಬಂತು. ಅದರ ಎಎ ಮಟ್ಟದಲ್ಲಿ ಸಾಮಾನ್ಯ ಅಕ್ಷರ ಮತ್ತು ಹಿನ್ನೆಲೆಯ ನಡುವೆ ಹೊಳಪಿನ ವ್ಯತ್ಯಾಸ (ಕಾಂಟ್ರಾಸ್ಟ್) 4.5:1 ಬೇಕು, ದೊಡ್ಡ ಅಕ್ಷರಕ್ಕೆ 3:1, ಒತ್ತುವ ಜಾಗ ಕನಿಷ್ಠ 24×24 ಸಿಎಸ್ಎಸ್ ಪಿಕ್ಸೆಲ್, ಎಂದರೆ ವೆಬ್‌ಪುಟದ ಅಳತೆಯ ಘಟಕ (ಕೆಲವು ವಿನಾಯಿತಿಗಳಿವೆ). ಅಳೆದು ತೋರಿಸಬಹುದಾದ ವಿಷಯವಾದ್ದರಿಂದ ವಾದ ಕಡಿಮೆ, ಹಿಡಿತ ಹೆಚ್ಚು. ಎರಡು, ಕನ್ನಡದಲ್ಲಿ ಇಂಟರ್‌ಫೇಸ್ ರೂಪಿಸುವುದು. ಇಂಗ್ಲಿಷಿಗೆಂದು ಸಾಲಿನೆತ್ತರವನ್ನು ಅಕ್ಷರದ ಅಳತೆಯ 1.2 ಪಟ್ಟು ಇಟ್ಟ ಡಿಸೈನಿನಲ್ಲಿ 'ಸ್ವಾತಂತ್ರ್ಯ', 'ರಾಷ್ಟ್ರೀಯ' ಬರೆದು ನೋಡಿ. ಕೆಳಗಿನ ಒತ್ತಕ್ಷರ ಮುಂದಿನ ಸಾಲಿಗೆ ತಾಗುತ್ತದೆ ಅಥವಾ ಬಟನ್ನಿನ ಅಂಚಿಗೆ ಕತ್ತರಿಸಿಹೋಗುತ್ತದೆ. 16 ಪಿಕ್ಸೆಲ್ ಅಕ್ಷರಕ್ಕೆ 24ರಿಂದ 26 ಪಿಕ್ಸೆಲ್ ಸಾಲಿನೆತ್ತರ ಕೊಟ್ಟು, ಬಟನ್ನಿಗೆ ನಿಗದಿತ ಅಗಲ ಇಡದೆ, ನೋಟೊ ಸ್ಯಾನ್ಸ್ ಕನ್ನಡದಂಥ ಪೂರ್ತಿ ಫಾಂಟಿನಲ್ಲಿ ಪರೀಕ್ಷಿಸಿ. ಇದನ್ನು ಬಲ್ಲ ಡಿಸೈನರ್‌ಗಳು ತೀರಾ ಕಡಿಮೆ, ಕನ್ನಡ ಓದಿ ಬೆಳೆದವರಿಗೆ ಇದು ಬೇಗ ಕೈಗೂಡುತ್ತದೆ.

ಎಐ ಬಗ್ಗೆ ಭಯದ ಪ್ರಶ್ನೆಗಳೂ ಬರುತ್ತವೆ. ಸ್ಕ್ರೀನ್ ಬಿಡಿಸುವ ವೇಗ ಹೆಚ್ಚಾಗುತ್ತದೆ, ಅದನ್ನು ಬಳಸಿಕೊಳ್ಳಿ. ಯಾವ ಸ್ಕ್ರೀನ್ ಬೇಕು, ಯಾವುದು ಬೇಡವೇ ಬೇಡ ಎಂದು ಕಾರಣ ಕೊಟ್ಟು ಹೇಳುವವರ ಅಗತ್ಯ ಅದರಿಂದ ಹೆಚ್ಚುತ್ತದೆ. ಹಂತ 3 ಮತ್ತು 4 ಆ ಶಕ್ತಿಯನ್ನೇ ಬೆಳೆಸುವಂಥವು.

ಹಂತ 6: ಪೋರ್ಟ್‌ಫೋಲಿಯೊವನ್ನು ಕೆಲಸ ಹುಡುಕುವಾಗ ಶುರು ಮಾಡಬೇಡಿ

ಪೋರ್ಟ್‌ಫೋಲಿಯೊ ಎಂದರೆ ನೀವು ಮಾಡಿದ ಕೆಲಸದ ಮಾದರಿಗಳ ಸಂಗ್ರಹ. ಶುಕ್ರವಾರದ 30 ನಿಮಿಷ ಇದಕ್ಕೆ. ತೀರ್ಮಾನದ ಪಟ್ಟಿಯಿಂದ ಆ ವಾರದ ಒಂದು ಸಾಲು ಎತ್ತಿಕೊಂಡು ನಾಲ್ಕು ವಾಕ್ಯ ಬರೆಯಿರಿ: ತೊಂದರೆ ಏನಿತ್ತು, ಏನೇನು ಆಯ್ಕೆಗಳಿದ್ದವು, ಯಾವುದನ್ನು ಯಾಕೆ ಆರಿಸಿದಿರಿ, ಆಮೇಲೆ ಏನಾಯಿತು. ಮೊದಲಿನ ಮತ್ತು ನಂತರದ ಸ್ಕ್ರೀನ್ ಚಿತ್ರ ಅಂಟಿಸಿ. ವರ್ಷಕ್ಕೆ ಐವತ್ತರಷ್ಟು ತುಣುಕು ಕೂಡುತ್ತವೆ, ಅದರಿಂದ ಮೂರು ಒಳ್ಳೆಯ ಕೇಸ್ ಸ್ಟಡಿ ಕಟ್ಟಲು ಎರಡು ದಿನ ಸಾಕು. ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕಿದ್ದರೆ ಕಂಪನಿಯ ಸ್ಕ್ರೀನನ್ನು ಹೊರಗೆ ಹಾಕುವಂತಿಲ್ಲ, ತೀರ್ಮಾನದ ತರ್ಕವನ್ನು ಹೆಸರಿಲ್ಲದೆ ಬರೆಯಬಹುದೇ ಎಂದು ಕೇಳಿ ತಿಳಿದುಕೊಳ್ಳಿ.

ಹಂತ 7: ಒಂಟಿತನಕ್ಕೆ ವ್ಯವಸ್ಥೆ ಮಾಡಿ

ಇದು ಊರಿನಲ್ಲಿ ಕೂತವರ ದೊಡ್ಡ ಕಷ್ಟ. ಮನೆಯಲ್ಲಿ ಪ್ರೀತಿಗೆ ಕೊರತೆಯಿಲ್ಲ, ಆದರೆ ಕೆಲಸದ ಮಾತು ಅರ್ಥವಾಗುವ ಒಬ್ಬರೂ ಹತ್ತಿರದಲ್ಲಿಲ್ಲ. ಬೇರೆ ಬೇರೆ ಕಂಪನಿಯ ನಾಲ್ಕು ಡಿಸೈನರ್‌ಗಳ ಗುಂಪು ಕಟ್ಟಿ, ಹದಿನೈದು ದಿನಕ್ಕೊಮ್ಮೆ 45 ನಿಮಿಷ ಸೇರಿ. ಪ್ರತಿಸಲ ಒಬ್ಬರು ಮಾತ್ರ, ಗೋಪ್ಯತೆಗೆ ಧಕ್ಕೆಯಾಗದ ಒಂದು ಕೆಲಸ ತೋರಿಸಲಿ. 5 ನಿಮಿಷ ವಿವರಣೆ, 10 ನಿಮಿಷ ಬರೀ ಪ್ರಶ್ನೆ, 20 ನಿಮಿಷ ಸಲಹೆ, ಉಳಿದದ್ದು ಹರಟೆ. ನಾಲ್ಕಕ್ಕಿಂತ ಹೆಚ್ಚಾದರೆ ಸರದಿ ಬರುವುದು ತಡವಾಗಿ ಗುಂಪು ಒಡೆಯುತ್ತದೆ. ಶಿವಮೊಗ್ಗದ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ತಿಂಗಳಿಗೊಮ್ಮೆ ಒಂದು ಗಂಟೆ ಕಲಿಸುವುದೂ ಒಳ್ಳೆಯದು. ಬೇರೆಯವರಿಗೆ ಹೇಳಲು ಕೂತಾಗ ನಿಮಗೆ ಎಷ್ಟು ಗೊತ್ತಿದೆ ಎಂಬುದು ನಿಮಗೇ ಕಾಣುತ್ತದೆ, ಹಂತ 1ರಲ್ಲಿ ಹೇಳಿದ ಮೂರನೇ ಲಕ್ಷಣಕ್ಕೆ, ನನ್ನಿಂದ ಏನೂ ಆಗುತ್ತಿಲ್ಲ ಎನ್ನಿಸುವುದಕ್ಕೆ, ಅದು ನೇರ ಔಷಧಿ. ಮೂರು ತಿಂಗಳಿಗೊಮ್ಮೆ ಬೆಂಗಳೂರಿನ ರೈಲು ಹತ್ತಿ ತಂಡದವರನ್ನು ಮುಖತಃ ಕಾಣಿ, ಪ್ರಯಾಣದ ಖರ್ಚನ್ನು ಕಂಪನಿಯಿಂದ ಕೇಳಲು ಸಂಕೋಚ ಬೇಡ.

ಹಂತ 8: ಮುಂದಿನ ಮೆಟ್ಟಿಲು ಮತ್ತು ದುಡ್ಡು

ಸೀನಿಯರ್ ಆದ ಮೇಲೆ ದಾರಿ ಎರಡಾಗುತ್ತದೆ. ಒಂದರಲ್ಲಿ ಕೈಕೆಲಸದಲ್ಲೇ ಮುಂದುವರಿದು ಸ್ಟಾಫ್, ಪ್ರಿನ್ಸಿಪಲ್ ಹುದ್ದೆಗೆ ಹೋಗುವುದು, ಇನ್ನೊಂದರಲ್ಲಿ ಜನರನ್ನು ನಡೆಸುವ ಮ್ಯಾನೇಜರ್ ಆಗುವುದು. ಡಿಸೈನ್ ಮಾಡಿ ಬಳಲಿದ್ದೇನೆ, ಮ್ಯಾನೇಜರ್ ಆದರೆ ಹಗುರಾಗುತ್ತದೆ ಎಂದುಕೊಂಡು ಹೋದವರಿಗೆ ಅಲ್ಲಿ ಮೀಟಿಂಗು, ನೇಮಕಾತಿ, ಜಗಳ ಬಿಡಿಸುವುದು ಕಾದಿರುತ್ತದೆ. ಒಪ್ಪಿಕೊಳ್ಳುವ ಮುನ್ನ ಒಬ್ಬ ಕಿರಿಯ ಡಿಸೈನರನ್ನು ಆರು ತಿಂಗಳು ಮಾರ್ಗದರ್ಶನ ಮಾಡಿ ನೋಡಿ. ಅದರಲ್ಲಿ ಖುಷಿ ಸಿಕ್ಕರೆ ಹೋಗಿ.

ಫ್ರೀಲ್ಯಾನ್ಸ್ ಮಾಡುವವರು ಕರಾರಿನಲ್ಲಿ ನಾಲ್ಕು ವಿಷಯ ಬರೆಸಲೇಬೇಕು: ಶೇ 40 ಮುಂಗಡ, ಎರಡು ಸುತ್ತಿನ ತಿದ್ದುಪಡಿ ಮಾತ್ರ ಬೆಲೆಯೊಳಗೆ, ಮೂರನೆಯದಕ್ಕೆ ಗಂಟೆಯ ದರ, ಬಿಲ್ ಕೊಟ್ಟ 15 ದಿನಕ್ಕೆ ಪಾವತಿ. ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿದ್ದರೆ ಕೆಟ್ಟ ಕೆಲಸಕ್ಕೆ ಬೇಡ ಎನ್ನುವ ಧೈರ್ಯ ಬರುತ್ತದೆ. ತೆರಿಗೆ ಮತ್ತು ಜಿಎಸ್‌ಟಿ ಬಗ್ಗೆ, ಅದರಲ್ಲೂ ಹೊರದೇಶದ ಗ್ರಾಹಕರಿದ್ದರೆ, ವರ್ಷದ ಶುರುವಿನಲ್ಲೇ ಲೆಕ್ಕಪರಿಶೋಧಕರ ಹತ್ತಿರ ಒಂದು ಗಂಟೆ ಕೂತು ಬನ್ನಿ.

ಹಂತ 9: ಈಗಾಗಲೇ ಬಳಲಿ ಕೂತಿದ್ದರೆ

ಮೇಲಿನ ಪಟ್ಟಿಗಳೆಲ್ಲ ಆಮೇಲೆ. ಈ ವಾರ ಮಾಡಬೇಕಾದದ್ದು ಇಷ್ಟೇ: ಫೋನಿನಿಂದ ಕೆಲಸದ ಚಾಟ್ ತೆಗೆಯಿರಿ, ರಾತ್ರಿ ಕರೆಗಳನ್ನು ರದ್ದು ಮಾಡಿ, ವೈದ್ಯರನ್ನು ಕಾಣಿ. ನಿದ್ದೆ ಬಾರದಿದ್ದರೆ, ಅಳು ಬರುತ್ತಿದ್ದರೆ, ಬದುಕು ಬೇಡ ಎನ್ನುವ ಯೋಚನೆ ಒಮ್ಮೆ ಸುಳಿದರೂ ಅದೇ ದಿನ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಉಚಿತ ಸೇವೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಊರಿನವರು ನೋಡಿದರೆ ಏನಂದುಕೊಳ್ಳುತ್ತಾರೋ ಎಂಬ ಅಳುಕಿನಿಂದ ತಿಂಗಳುಗಟ್ಟಲೆ ತಡಮಾಡುವವರಿದ್ದಾರೆ, ದಯವಿಟ್ಟು ತಡಮಾಡಬೇಡಿ.

ಮ್ಯಾನೇಜರ್ ಹತ್ತಿರ ಹೋಗುವಾಗ 'ತುಂಬಾ ಸ್ಟ್ರೆಸ್ ಆಗಿದೆ' ಎಂದಷ್ಟೇ ಹೇಳಿದರೆ 'ಎರಡು ದಿನ ರಜೆ ತಗೊಳ್ಳಿ' ಎಂಬ ಉತ್ತರ ಬರುತ್ತದೆ. ಹಂತ 1ರ ಎರಡು ವಾರದ ಹಾಳೆ ತೆಗೆದುಕೊಂಡು ಹೋಗಿ. ಈಗ ಮೂರು ಪ್ರಾಜೆಕ್ಟ್ ಇವೆ, ಒಂದನ್ನು ಬೇರೆಯವರಿಗೆ ಕೊಡಬೇಕು, ಇನ್ನೊಂದರ ಗಡುವು ಮೂರು ವಾರ ಮುಂದೆ ಹೋಗಬೇಕು, ಯಾವುದನ್ನು ಕೊಡೋಣ ಎಂದು ಕೇಳಿ. ಆರು ವಾರದ ಮೇಲೂ ಏನೂ ಬದಲಾಗದಿದ್ದರೆ ಬೇರೆ ಕೆಲಸ ಹುಡುಕಲು ಶುರು ಮಾಡಿ. ಬರ್ನ್‌ಔಟಿನ ನಡುವೆಯೇ ಸಂದರ್ಶನಕ್ಕೆ ಹೋದರೆ ಸಿಕ್ಕಿದ್ದಕ್ಕೆ ಒಪ್ಪಿಕೊಂಡುಬಿಡುವ ಅಪಾಯವಿದೆ, ಸಾಧ್ಯವಿದ್ದರೆ ಮೊದಲು ಎರಡು ವಾರ ರಜೆ ತೆಗೆದುಕೊಳ್ಳಿ. ಹೊಸ ಕಡೆ ಸಂದರ್ಶನದಲ್ಲಿ ನೀವೂ ಮೂರು ಪ್ರಶ್ನೆ ಕೇಳಿ: ಡಿಸೈನ್ ಬಗ್ಗೆ ಕೊನೆಯ ಮಾತು ಯಾರದ್ದು, ಕಳೆದ ಮೂರು ತಿಂಗಳಲ್ಲಿ ಎಷ್ಟು ಬಳಕೆದಾರರನ್ನು ಕಂಡಿದ್ದೀರಿ, ಭಾರತದ ರಾತ್ರಿ 9ರ ಮೇಲೆ ವಾರಕ್ಕೆ ಎಷ್ಟು ಕರೆ ಇರುತ್ತವೆ. ಮೂರನೆಯದಕ್ಕೆ ಬರುವ ಉತ್ತರವನ್ನು ಇಮೇಲಿನಲ್ಲಿ ಬರೆಸಿಕೊಂಡು ನಂತರ ಸಹಿ ಹಾಕಿ.